ಭೀಮಣ್ಣ ಹೇಳಿದ ತೆಲುಗು ಸಿನಿಮಾ

ಪರದೆಯ ಮೇಲೆ ಊರಿನವರ ಮುಂದೆ ತಲೆತಗ್ಗಿಸಿ ನಿಂತಿದ್ದ ನಾಯಕ ಬಾಯಿ ತೆರೆದ. ಅವನ ತೆಲುಗು ಮಾತನ್ನು ನಮಗೆ ಕನ್ನಡದಲ್ಲಿ ಹೇಳಬೇಕಾಗಿದ್ದ ಭೀಮಣ್ಣ ಸುಮ್ಮನಾಗಿಬಿಟ್ಟ.

ಎಪ್ಪತ್ತರ ದಶಕದ ಆರಂಭ. ಚೆಂಬೂರಿನ ಟಾಕೀಸಿನಲ್ಲಿ ಭಾನುವಾರ ಬೆಳಗಿನ ಆಟ. ನಮ್ಮ ಚಾಳಿನ ಕನ್ನಡದವರಲ್ಲಿ ತೆಲುಗು ಬರುತ್ತಿದ್ದುದು ರಾಯಚೂರು ಕಡೆಯ ಭೀಮಣ್ಣನಿಗೆ ಮಾತ್ರ. ಹಿಂದಿನ ವರ್ಷದ ಚೌತಿಯಲ್ಲಿ ಅವನು ಕುಡಿದು ಬಂದು, ಚಾಳಿನ ಗಣಪತಿಯ ಮೇಲೆ ಬಿದ್ದು ಮೂರ್ತಿಯ ಕೈ ಮುರಿದಿದ್ದ. ಆಮೇಲೆ ಕುಡಿತ ಬಿಟ್ಟರೂ ಯಾರೂ ಅವನನ್ನು ಮಾತನಾಡಿಸುತ್ತಿರಲಿಲ್ಲ. ಟಾಕೀಸಿನ ಕತ್ತಲಲ್ಲಿ ಮಾತ್ರ ಅವನು ನಮಗೆ ಬೇಕಾಗಿದ್ದ.

"ಮುಂದ ಏನಂತಾನ ಹೇಳೋ ಭೀಮಾ," ಎಂದು ನಮ್ಮವ್ವ ಗದರಿದಳು.

"ಮಾಫಿ ಬ್ಯಾಡ್ರಿ, ನಾ ಕೆಡಿಸಿದ ಕೆಲಸಾನ ನನಗ ಕೊಡ್ರಿ ಅಂತಾನ ಯವ್ವಾ," ಎಂದ. ಧ್ವನಿ ಗಟ್ಟಿಯಾಗಿತ್ತು.

ಆ ವರ್ಷ ಗಣಪತಿಯನ್ನು ಭೀಮಣ್ಣನೇ ಹೊತ್ತು ತರಬೇಕೆಂದು ಅವ್ವ ಮಂಡಳಿಯವರ ಎದುರು ಹಟ ಹಿಡಿದು ಕೂತಳು. ಅವರು ಗೊಣಗುತ್ತಲೇ ಒಪ್ಪಿದರು. ಮೂರ್ತಿಕಾರನ ಅಂಗಡಿಯಿಂದ ಚಾಳಿನವರೆಗೆ ಅವನು ಯಾರಿಗೂ ಕೈಹಚ್ಚಗೊಡಲಿಲ್ಲ. ಮಂಟಪದಲ್ಲಿ ಇಳಿಸಿದಾಗ ಗಣಪತಿಯ ಒಂದು ಬೆರಳೂ ಮುಕ್ಕಾಗಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ವಿಕ್ರೋಳಿಯ ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ತೆಲುಗಿನವರೊಬ್ಬರು, ನಾನು ಆ ಮಾತು ಹೇಳಿದಾಗ ಸಿನಿಮಾ ನೆನೆದು, ನಾಯಕ ಅಲ್ಲಿ ಕೆಲಸ ಕೇಳುವುದೇ ಇಲ್ಲ, ಕ್ಷಮಿಸಿ ಎಂದು ಅಳುತ್ತಾನಷ್ಟೇ ಎಂದರು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಪರದೆ ಮ್ಯಾಲ ಅವ ಅಳೂದು ನನಗೂ ಕಾಣತಿತ್ತಲ್ಲೋ," ಎಂದಳು.