ಹಸಿರು ಕಾರಿನ ಹಣೆಗೆ ಕುಂಕುಮ

ಡಿಡ್ಸ್‌ಬರಿಯ ನಮ್ಮ ಮನೆಯಿಂದ ಲೀಡ್ಸ್‌ಗೆ ಸುಮಾರು ನಲವತ್ತೈದು ಮೈಲಿ. ರೈಲಿನಲ್ಲಿ ಆರಾಮವಾಗಿ ಹೋಗಬಹುದಿತ್ತು. ನಾವು ಹೊರಟದ್ದು ಬಟಾಣಿ ಹಸಿರಿನ, ಪಕ್ಕಗಳಿಗೆ ಮರದ ಹಲಗೆ ಬಡಿದಂತೆ ಕಾಣುವ, ಎಂಟು ಹೆಡ್‌ಲೈಟಿನ ಕಾರಿನಲ್ಲಿ. ರಜೆಗೆಂದು ಹೊರಟ ಸಂಸಾರವೊಂದು ದಾರಿಯುದ್ದಕ್ಕೂ ಪಡಬಾರದ ಪಾಡು ಪಡುವ ಹಳೆಯ ಅಮೆರಿಕನ್ ಹಾಸ್ಯಚಿತ್ರವೊಂದಿದೆ. ಅದರಲ್ಲಿ ನಟರಷ್ಟೇ ಹೆಸರು ಮಾಡಿದ್ದು ಅವರ ಕಾರು. ಅದರ ತದ್ರೂಪವನ್ನು ನನ್ನ ಗಂಡ ಸುಧಾಕರ ಎರಡು ವರ್ಷ ಬೆವರು ಸುರಿಸಿ ಕಟ್ಟಿದ್ದರು.

ಇವರು ಮ್ಯಾಕಲ್ಸ್‌ಫೀಲ್ಡ್‌ನ ಔಷಧ ಕಾರ್ಖಾನೆಯಲ್ಲಿ ಇಂಜಿನಿಯರ್. ಸಂಜೆ ಬಂದವರೇ ಚಿತ್ರದ ಕ್ಯಾಸೆಟ್ಟನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಟಿವಿಯ ಗಾಜಿನ ಮೇಲೆ ಸ್ಕೇಲು ಇಟ್ಟು ಅಳೆಯುತ್ತಿದ್ದರು. ಸ್ಟಾಕ್‌ಪೋರ್ಟ್‌ನ ಗುಜರಿಯಿಂದ ತಂದ ಉದ್ದನೆಯ ಹಳೇ ಕಾರಿಗೆ ಅಡುಗೆಮನೆಯ ಕಪಾಟಿಗೆ ಅಂಟಿಸುವ ಮರದ ಬಣ್ಣದ ಹಾಳೆ ಮೆತ್ತಿದರು. ಜೊತೆಗೆ ಕೆಲಸ ಮಾಡುವವರು ನಕ್ಕರು, ನಾನೂ ನಕ್ಕೆ. ಆದರೆ ಲೀಡ್ಸ್‌ನಲ್ಲಿ ಸಿನಿಮಾ ಕಾರುಗಳ ತದ್ರೂಪಗಳಿಗೆ ಸ್ಪರ್ಧೆಯಿದೆ ಎಂದು ತಿಳಿದ ಮೇಲೆ, ಮೊದಲ ಬಹುಮಾನ ತಪ್ಪಿದರೆ ಇವರ ಮುಖ ನೋಡುವುದು ಹೇಗೆ ಎಂಬ ಚಿಂತೆ ನನ್ನನ್ನೇ ಹತ್ತಿತು.

ಅಂದು ಆಯುಧಪೂಜೆ. ಉಡುಪಿಯಿಂದ ಬಂದಿದ್ದ ಅತ್ತೆ ಮುಂದಿನ ತಿಂಗಳು ಹಿಂದಿರುಗುವವರಿದ್ದರು. ಮಗ ಸ್ನಾನಕ್ಕೆ ಹೋದದ್ದೇ ತಡ, ಚಕ್ರಗಳಡಿಗೆ ನಿಂಬೆಹಣ್ಣಿಟ್ಟು, ಬಾನೆಟ್ಟಿನ ನಡುವೆ ಅಂಗೈಯಗಲ ಕುಂಕುಮ ಬಳಿದುಬಿಟ್ಟರು.

“ಎಂತ ಅಮ್ಮ ಇದು! ಚಿತ್ರದ ಕಾರಿಗೆ ಕುಂಕುಮ ಇಲ್ಲ,” ಎಂದರು ಸ್ನಾನ ಮುಗಿಸಿ ಬಂದ ಇವರು.

“ಅವರು ಪೂಜೆ ಮಾಡ್ಲಿಲ್ಲ. ಅದಕ್ಕೇ ದಾರಿಯಿಡೀ ಅನುಭವಿಸಿದ್ದು. ಈ ಊರಿನ ಮಳೆಗೆ ಹೋಗ್ಬಾರ್ದು ಅಂತ ಎಣ್ಣೆಯಲ್ಲಿ ಕಲಸಿದ್ದೇನೆ. ಹತ್ತು ಮಾರಾಯ, ಹೊತ್ತಾಯ್ತು.”

ಅಲ್ಲಿಗೆ ತಲುಪಿದ ಮೇಲೆ ಒರೆಸಿದರಾಯಿತು ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು.

ಮೋಟಾರುದಾರಿ ಗುಡ್ಡ ಹತ್ತುತ್ತಿದ್ದಂತೆ ಮಳೆ ಹಿಡಿಯಿತು. ಲಾರಿಯವರು ಹಾರ್ನ್ ಹೊಡೆದು ಕೈ ಬೀಸಿದರೆ ಅತ್ತೆ ಒಳಗಿಂದ ಕೈ ಮುಗಿಯುತ್ತಿದ್ದರು. ದಾರಿಯಲ್ಲಿ ನಿಲ್ಲಿಸಿದಾಗ ಅಲ್ಲಿನ ನೀರುನೀರು ಚಹಾದ ಜೊತೆ ಮನೆಯ ಬನ್ಸ್ ತಿಂದೆವು. ಅಷ್ಟು ಮಳೆ ಬಿದ್ದರೂ ಕುಂಕುಮ ಮಾತ್ರ ಅಲ್ಲಾಡಿರಲಿಲ್ಲ.

ಲೀಡ್ಸ್‌ನ ಮೈದಾನದಲ್ಲಿ ಮಳೆ ನಿಂತಿತ್ತು. ಟೋಪಿ ಹಾಕಿದ, ವಯಸ್ಸಾದ ತೀರ್ಪುಗಾರರೊಬ್ಬರು ಚಿತ್ರದ ಫೋಟೋ ಹಿಡಿದು, ಇವರು ಬಟ್ಟೆ ಹುಡುಕುವ ಮೊದಲೇ ಬಂದುಬಿಟ್ಟರು. ದೀಪ, ಮರ, ಮೇಲೆ ಕಟ್ಟಿದ ಪೆಟ್ಟಿಗೆ ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೆ ಬಾನೆಟ್ಟಿನತ್ತ ಬೆರಳು ತೋರಿಸಿ, ಇದು ಫೋಟೋದಲ್ಲಿಲ್ಲ, ಇದೊಂದು ಹೋದರೆ ಕಾರಿನಲ್ಲಿ ಎಣಿಸಲು ತಪ್ಪೇ ಇರುವುದಿಲ್ಲ, ಒಂದು ಸುತ್ತು ಹಾಕಿ ಬರುತ್ತೇನೆ ಎಂದು ನಗುತ್ತಾ ಹೊರಟರು.

ಇವರು ಬಟ್ಟೆ ತೆಗೆದರು. ಅತ್ತೆ ಕಾರಿನಿಂದಿಳಿದು ಬಂದರು.

“ಒರೆಸು ಮಗಾ. ಪೂಜೆ ಆಯ್ತಲ್ಲ, ದೇವರಿಗೆ ಸೇರಿ ಆಯ್ತು,” ಎಂದರು. ಹೇಳಿದ್ದೇನೋ ಧೈರ್ಯವಾಗಿಯೇ. ಆದರೆ ಕೆಂಪು ಹೋಗದ ತಮ್ಮ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಇವರು ಅದನ್ನು ನೋಡಿದರು. ಬಟ್ಟೆ ಮಡಚಿ ಜೇಬಿಗಿಟ್ಟರು.

ತೀರ್ಪುಗಾರರು ಮರಳಿ ಬಂದು ಹುಬ್ಬೇರಿಸಿದಾಗ ಇವರು ಹೇಳಿದ್ದಿಷ್ಟೇ: “ಇಟ್ ಸ್ಟೇಸ್. ಮೈ ಮದರ್ ಪುಟ್ ಇಟ್ ದೇರ್.”

ಮೊದಲ ಬಹುಮಾನ ಬರ್ಮಿಂಗ್‌ಹ್ಯಾಮ್‌ನ ಕಾರಿಗೆ ಹೋಯಿತು, ನಮಗೆ ಎರಡನೆಯದು. ಇವರ ಮುಖ ಬಾಡೀತು ಎಂದು ಹೆದರಿದ್ದೆ. ಅದೆಲ್ಲಿ! ನೋಡಲು ಬಂದವರಿಗೆಲ್ಲ ಮರದ ಹಾಳೆಯಿಂದ ಶುರುಮಾಡಿ ಕುಂಕುಮದವರೆಗೆ ವಿವರಿಸಿ, ಕೊನೆಗೆ ಅಮ್ಮನನ್ನು ಕರೆದು ಪರಿಚಯಿಸುತ್ತಿದ್ದರು. ಆ ಹೊತ್ತು ನನಗಾದ ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಇವರು ಬಕೆಟ್ಟು ತಂದು, ಗುಡ್ಡದ ರಾಡಿ ಹಿಡಿದಿದ್ದ ಕಾರನ್ನೆಲ್ಲ ತೊಳೆದರು. ಕುಂಕುಮದ ಸುತ್ತ ಮಾತ್ರ ಬೆರಳಿನಿಂದ ನಾಜೂಕಾಗಿ ಒರೆಸಿದರು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಈಗಾದ್ರೂ ತೆಗೆ ಮಾರಾಯ. ಮುಂದಿನ ಆಯುಧಪೂಜೆಗೆ ಹೊಸತು ಇಡುವುದೆಲ್ಲಿ?”

“ಪಕ್ಕದಲ್ಲಿ ಜಾಗ ಉಂಟಮ್ಮ,” ಎಂದರು ಇವರು, ತಲೆ ಎತ್ತದೆ. “ನೀನೇ ಬಂದು ಇಡಬೇಕು.”