ಸಿರಿಲ್ ಹಾವರ್ತನ ಕ್ರೀಮ್ ಕೇಕು

ಮೂವತ್ತನಾಲ್ಕು ವರ್ಷ ಆಕ್ರಿಂಗ್ಟನ್ ಊರಿನ ಇಳಿಜಾರು ಬೀದಿಗಳಲ್ಲಿ ಬಸ್ಸು ಓಡಿಸಿದ ಸಿರಿಲ್ ಹಾವರ್ತ್ ಒಂದು ನಾಯಿಯ ಬಾಲವನ್ನೂ ತುಳಿದವನಲ್ಲ. ನಿವೃತ್ತನಾದ ಮೇಲೆ, ಊರವರು ಕಾರು ನಿಲ್ಲಿಸುವ ಚಂದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತ ತಿರುಗುವುದೇ ಅವನ ಚಟ. ಇಂಥವನ ಮನೆಗೇ ಸೂಪರ್‌ಮಾರ್ಕೆಟ್ಟಿನ ಅಂಗಳ ಕಾಯುವ ಖಾಸಗಿ ಕಂಪನಿಯಿಂದ ಕಾಗದ ಬಂತು. ಎರಡು ಗಂಟೆ ಮಾತ್ರ ನಿಲ್ಲಿಸಬೇಕಾದ ಕಡೆ ನಿಮ್ಮ ಕಾರು ಐದು ಗಂಟೆ ಹದಿನೆಂಟು ನಿಮಿಷ ಇತ್ತು, ನೂರು ಪೌಂಡು ಕಟ್ಟಿ ಎಂದಿತ್ತು. ಜೊತೆಗೆ ಕಾರು ಒಳಬಂದ ಫೋಟೊ ಒಂದು, ಹೊರಹೋದ ಫೋಟೊ ಒಂದು.

ಬುದ್ಧಿಯಿರುವವರು ಅವತ್ತೇ ಉತ್ತರ ಬರೆಯುತ್ತಿದ್ದರು. ಸಿರಿಲ್ ಹೋಗಿ ಬೌಲ್ಸ್ ಕ್ಲಬ್ಬಿನಲ್ಲಿ ಕೇಳಿದ.

"ಅದೇನ್ ಪೊಲೀಸ್ರ ದಂಡಾನಾ? ಕಸದ ಬುಟ್ಟಿಗೆ ಹಾಕಯ್ಯಾ," ಎಂದ ಲೆಸ್ಲಿ ಗ್ರಿಮ್‌ಶಾ. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆ ಆಟದಲ್ಲಿ ಸಿರಿಲ್‌ನ ಬದ್ಧ ವೈರಿ ಅವನು.

ಆಮೇಲೆ ಸಾಲ ವಸೂಲಿಯವರ ಕಾಗದಗಳು ಶುರುವಾದವು. ನೂರು ನೂರೆಪ್ಪತ್ತಾಯಿತು, ಅಕ್ಷರ ಕೆಂಪಾಯಿತು, "ನಮ್ಮ ಪ್ರತಿನಿಧಿ ಬರಬಹುದು" ಎಂಬ ಸಾಲು ಸೇರಿತು. ಸಿರಿಲ್ ಎಲ್ಲವನ್ನೂ ಬೌಲ್ಸ್ ಚೀಲದ ತಳಕ್ಕೆ ತುರುಕಿದ. ಬಾಗಿಲ ಗಂಟೆ ಸದ್ದಾದರೆ ಸೋಫಾದ ಹಿಂದೆ ಕೂರತೊಡಗಿದ.

"ಅಲ್ಲೇನ್ ಹುಡುಕ್ತಿದೀಯ?" ಎಂದಳು ಹೆಂಡತಿ ಈನಿಡ್.

"ಕನ್ನಡಕ."

"ಮೂಗಿನ್ ಮೇಲೇ ಇದೆಯಲ್ಲೋ ಮಾರಾಯ."

ಐದನೆಯ ಕಾಗದ ಬೇರೆಯೇ ಧಾಟಿಯದು. ಮೂವತ್ತು ದಿನದಲ್ಲಿ ಉತ್ತರಿಸದಿದ್ದರೆ ಕೋರ್ಟಿಗೆ ಹೋಗುತ್ತೇವೆ. ಸಿರಿಲ್ ಗ್ರಂಥಾಲಯದಲ್ಲಿ ಪುಕ್ಕಟೆ ಸಲಹೆ ಕೊಡುವ ಹೆಂಗಸಿನ ಮುಂದೆ ಚೀಲ ಸುರಿದ.

"ವಸೂಲಿಯೋರಿಗೆ ಹೆದರ್ಬೇಡಿ, ನಿಮ್ಮನೆ ಕುರ್ಚಿ ಮುಟ್ಟೋ ಹಕ್ಕೂ ಅವರಿಗಿಲ್ಲ," ಎಂದಳು ಆಕೆ. "ಆದ್ರೆ ಈ ಕೊನೇದಕ್ಕೆ ಉತ್ರ ಕೊಡ್ಲೇಬೇಕು. ಸುಮ್ನಿದ್ರೆ ನಾಳೆ ನೀವಿಲ್ದೇನೇ ತೀರ್ಪಾಗತ್ತೆ. ಅವತ್ತು ಐದ್ ಗಂಟೆ ಅಲ್ಲೇ ಇದ್ರಾ?"

"ಇಲ್ಲಮ್ಮಾ! ಮಧ್ಯಾಹ್ನಕ್ಕೆ ಮುಂಚೆ ಬಂದು, ಊಟಕ್ಕೆ ಪೈ ಕೊಂಡು ಕ್ಲಬ್ಬಿಗೆ ಹೋದೆ. ಸಾಯಂಕಾಲ ಮತ್ತೆ ಬಂದೆ."

"ಹಂಗನ್ನಿ. ಕ್ಯಾಮೆರಾ ಮಧ್ಯೆ ನೀವು ಹೊರಹೋಗಿದ್ದನ್ನ ಬಿಟ್ಟು ಎರಡು ಸಲ ಬಂದಿದ್ದನ್ನ ಒಂದೇ ಮಾಡಿದೆ. ನಡುವೆ ಎಲ್ಲಿದ್ರಿ ಅನ್ನೋದಕ್ಕೆ ಬರಹದಲ್ಲಿ ಏನಾದ್ರೂ ಉಂಟಾ?"

ಉಂಟು. ಅವತ್ತು ಕ್ಲಬ್ಬಿನಲ್ಲಿ ಆಡಿದ ಪಂದ್ಯದ ಅಂಕಪಟ್ಟಿ. ಶುರುವಾದ ಹೊತ್ತು, ಮುಗಿದ ಹೊತ್ತು, ಇಬ್ಬರ ಸಹಿ. ಅದು ನೆನಪಾದದ್ದೇ ಸಿರಿಲ್‌ನ ಮುಖ ಇಳಿಯಿತು. ಆ ಪಂದ್ಯವನ್ನು ಅವನು ಲೆಸ್ಲಿಯ ಕೈಲಿ ಇಪ್ಪತ್ತೊಂದು–ನಾಲ್ಕರಲ್ಲಿ ಸೋತಿದ್ದ. ಮನೆಯಲ್ಲಿ ಮಾತ್ರ ಗೆದ್ದೆ ಅಂದಿದ್ದ. ಗೆದ್ದ ದಿನ ಕ್ರೀಮ್ ಕೇಕು ತರುವುದು ನಲವತ್ತು ವರ್ಷದ ವಾಡಿಕೆ. "ಕೇಕೆಲ್ಲಿ?" ಎಂದಿದ್ದಳು ಈನಿಡ್. "ಮರೆತೆ," ಎಂದು ಕಾರು ತಿರುಗಿಸಿದ್ದ. ಎರಡನೆಯ ಸಲ ಹೋದದ್ದು ಅದಕ್ಕೇ.

ಪಟ್ಟಿ ಲೆಸ್ಲಿಯ ಮನೆಯ ಗೋಡೆಯ ಮೇಲಿತ್ತು, ಚೌಕಟ್ಟಿನಲ್ಲಿ.

"ತಗೊಂಡ್ ಹೋಗು, ಗಾಜು ಒಡೀಬೇಡ," ಎಂದು ಲೆಸ್ಲಿ ಹಲ್ಲು ಕಿರಿದ.

ಇನ್ನುಳಿದದ್ದೇ ಕಷ್ಟದ ಕೆಲಸ, ಉತ್ತರ ಟೈಪು ಮಾಡುವುದು. ಆ ಮನೆಯಲ್ಲಿ ಕಂಪ್ಯೂಟರ್ ಮುಟ್ಟಲು ಬರುತ್ತಿದ್ದದ್ದು ಈನಿಡ್‌ಗೆ ಮಾತ್ರ. ಎರಡು ದಿನ ಸಿರಿಲ್ ಆ ಚೌಕಟ್ಟನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ತಿರುಗಿದ. ಮೂವತ್ತನೆಯ ದಿನ ಹತ್ತಿರವಾದಾಗ ಕಾಗದಗಳನ್ನೂ ಚೌಕಟ್ಟನ್ನೂ ಅವಳ ಮುಂದೆ ಇಟ್ಟು, ಕಿಟಕಿಯ ಕಡೆ ತಿರುಗಿ ನಿಂತ.

ಅವಳು ಎಲ್ಲವನ್ನೂ ಓದಿ ಟೈಪು ಮಾಡತೊಡಗಿದಳು. ನಡುವೆ ಕೈ ನಿಂತಿತು.

"ನಾಲ್ಕು ಅಂತಾನೇ ಹಾಕ್ಲಾ?"

"ಹೂಂ. ಸುಳ್ಳು ಹೇಳಿದ್ದೆ ಕಣೇ."

"ಗೊತ್ತು. ನೀನು ಕೇಕ್ ತರಕ್ಕೋದಾಗ್ಲೇ ಲೆಸ್ಲಿ ಹೆಂಡ್ತಿ ಫೋನ್ ಮಾಡಿ ಕುಣಿದ್ಲು."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಕೇಕ್ ಚೆನ್ನಾಗಿತ್ತು." ಅವಳು ನಗಲಿಲ್ಲ. "ಸೋತಿದ್ದು ಮುಚ್ಚಿಟ್ಯಾ, ಹೋಗ್ಲಿ. ಮೂರು ತಿಂಗ್ಳು ಒಬ್ನೇ ಸೋಫಾ ಹಿಂದೆ ನಡುಗ್ತಾ ಕೂತಿದ್ದೆಯಲ್ಲ, ಅದು ನಂಗೆ ತಡ್ಕೊಳಕ್ಕಾಗ್ತಿಲ್ಲ ಸಿರಿಲ್. ನಾನಿರೋದ್ಯಾಕೆ?"

ಸಿರಿಲ್ ಚಹಾಕ್ಕೆ ನೀರಿಡುತ್ತೇನೆಂದು ಒಳಗೆ ಹೋದ.

ಮೂರು ವಾರಕ್ಕೆ ಒಂದೇ ಸಾಲಿನ ಉತ್ತರ ಬಂತು: ಶುಲ್ಕ ರದ್ದು ಮಾಡಲಾಗಿದೆ. ಕ್ಷಮೆ ಕೇಳುವ ಸೌಜನ್ಯ ಆ ಕಂಪನಿಗೆ ಎಲ್ಲಿಂದ ಬರಬೇಕು!

ಆ ಶನಿವಾರ ಸಿರಿಲ್ ಮತ್ತೆ ಲೆಸ್ಲಿಯ ಜೊತೆ ಆಡಿದ. ಬರುವಾಗ ಅದೇ ಅಂಗಳದಲ್ಲಿ ಹನ್ನೊಂದು ನಿಮಿಷ ಕಾರು ನಿಲ್ಲಿಸಿ, ರಸೀದಿ ಜೇಬಿಗಿಟ್ಟುಕೊಂಡು, ಕೇಕಿನ ಡಬ್ಬಿ ಹಿಡಿದು ಅಡುಗೆಮನೆಗೆ ಬಂದ.

"ಗೆದ್ಯಾ?"

"ಸೋತೆ. ಇಪ್ಪತ್ತೊಂದು–ಒಂಬತ್ತು."

ಈನಿಡ್ ಎರಡು ತಟ್ಟೆ ತೆಗೆದಿಟ್ಟಳು.