ಅಯ್ಯನವರ ಕವಳಿ

ಅವರ ಕೆಳದವಡೆಯಲ್ಲಿ ಮುಂದಿನ ಒಂದೇ ಒಂದು ಹಲ್ಲು ಉಳಿದಿತ್ತು. ಉದ್ದವಾಗಿತ್ತು, ಎಡಕ್ಕೆ ವಾಲಿತ್ತು, ಬುಡದಲ್ಲಿ ಕಂದುಬಣ್ಣಕ್ಕೆ ತಿರುಗಿತ್ತು. ಮಾತಾಡುವಾಗ ನಾಲಿಗೆ ಹೋಗಿ ಅದನ್ನು ಮುಟ್ಟಿ, ಅರೆಕ್ಷಣ ಅದಕ್ಕೆ ಆನಿಕೊಂಡು, ಆಮೇಲೆ ಮುಂದಿನ ಅಕ್ಷರಕ್ಕೆ ಹೋಗುತ್ತಿತ್ತು. ಆ ಹಲ್ಲು ಇರುವ ತನಕ ಅವರ ಮಾತು ಹೇಗೋ ನಡೆಯಿತು. ಅದೂ ಬಿದ್ದ ಮೇಲೆ ಅವರು ಮಂತ್ರ ಹೇಳುವುದನ್ನು ನಿಲ್ಲಿಸಿಬಿಟ್ಟರು.

ಅವರು ನಮ್ಮ ಮನೆತನದ ಅಯ್ಯನವರು. ಮರಾಠಿ ಸೀಮೆಯ ನಿಲಂಗಾದ ನಮ್ಮ ಓಣಿಯಲ್ಲಿ ಹುಟ್ಟು, ಮದುವೆ, ಮಣ್ಣು ಎಲ್ಲಕ್ಕೂ ಅವರೇ ಬರಬೇಕು. ಮಕ್ಕಳಿಗೆ ಲಿಂಗ ಕಟ್ಟಿ ಕಿವಿಯಲ್ಲಿ ಮಂತ್ರ ಹೇಳುವವರು ಅವರು. ಜೀವ ಹೋಗುವ ಹೊತ್ತಿಗೆ ಅದೇ ಮಂತ್ರವನ್ನು ಅದೇ ಕಿವಿಯಲ್ಲಿ ಇನ್ನೊಮ್ಮೆ ಹೇಳುವವರೂ ಅವರೇ. ಮಂತ್ರದ ವಿಷಯದಲ್ಲಿ ಅವರದು ಒಂದೇ ಮಾತು: "ಕಿವ್ಯಾಗ ಹಾಕೂದು ಸಾಫ್ ಇರಬೇಕು."

ನನಗೆ ಎಂಟು ವರ್ಷವಾಗಿದ್ದಾಗ ಅವರು ನನಗೆ ಲಿಂಗ ಕಟ್ಟಿದರು. ಮಂತ್ರ ಅರ್ಧಕ್ಕೆ ಬಂದಾಗ ಎರಡು ಮನೆ ಆಚೆಯ ಹಿಟ್ಟಿನ ಗಿರಣಿ ಶುರುವಾಯಿತು. ಅವರು ಬಾಯಿ ಮುಚ್ಚಿದರು. ಎದ್ದು, ಶಲ್ಯ ಹೆಗಲಿಗೆ ಹಾಕಿಕೊಂಡು, ಗಿರಣಿಯ ಬಾಗಿಲಿಗೆ ಹೋಗಿ ನಿಂತರು. ಜೋಳದ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಸೆರಗಿನೊಳಗೆ ನಕ್ಕರಂತೆ. ಗಿರಣಿ ನಿಂತ ಮೇಲೆ ವಾಪಸ್ಸು ಬಂದು, ಕಾಲು ತೊಳೆದುಕೊಂಡು, ಮತ್ತೆ ಮೊದಲಿಂದ ಹೇಳಿದರು. ಕಿವಿಗೆ ತಾಗಿದ ಅವರ ಬಿಸಿ ಉಸಿರು ನೆನಪಿದೆ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂದು ಕೂತದ್ದೂ ನೆನಪಿದೆ.

ನನ್ನ ತಂದೆ ಶಾಲೆಯ ಮಾಸ್ತರರಾಗಿದ್ದವರು. ಅಯ್ಯನವರಿಗೂ ಅವರಿಗೂ ಒಂದೇ ವಯಸ್ಸು. ತಂದೆಗೆ ಲಕ್ವಾ ಹೊಡೆದು ಮೈಯ ಎಡಭಾಗ ಹೋದ ಮೇಲೆ ಅಯ್ಯನವರು ದಿನವೂ ಸಂಜೆ ಬಂದು ಮಂಚದ ಹತ್ತಿರ ಕೂಡುತ್ತಿದ್ದರು. ಒಂದು ದಿನ ತಂದೆ, ನನ್ನ ಪಾಳಿ ಬಂದಾಗ ನೀವೇ ಕಿವಿಯಲ್ಲಿ ಹೇಳಬೇಕು, ಬೇರೆ ಯಾರೂ ಬೇಡ ಅಂದರು. ಅಯ್ಯನವರು ಬಾಯಿ ತೆರೆದು ತೋರಿಸಿದರು.

"ಗಾಳಿ ಬರ್ತದ ಮಾಸ್ತರ, ಅಕ್ಷರ ಬರಲ್ಲ."

"ಹಂಗಾದ್ರ ಕವಳಿ ಹಾಕಿಸ್ಕೋರಿ."

ಕಟ್ಟಿಸಿದ ಹಲ್ಲಿಗೆ ಮರಾಠಿಯಲ್ಲಿ ಕವಳಿ ಅನ್ನುತ್ತಾರೆ. ಮನೆಯಲ್ಲಿ ಕನ್ನಡ ಆಡುವ ನಾವೂ ಹಾಗೆಯೇ ಅನ್ನುತ್ತೇವೆ. ರೊಟ್ಟಿ ತಿನ್ನಲಿಕ್ಕಾಗಿ ಅಯ್ಯನವರು ಕವಳಿ ಹಾಕಿಸಿಕೊಳ್ಳುತ್ತಿದ್ದಿಲ್ಲ. ತಂದೆಯ ಕಿವಿಗಾಗಿ ಒಪ್ಪಿದರು.

ಉಮರಗಾದಲ್ಲಿ ಹಲ್ಲಿನ ಡಾಕ್ಟರೊಬ್ಬರು ತಂದೆಯ ಶಿಷ್ಯರು. ಎಸ್.ಟಿ. ಬಸ್ಸಿನಲ್ಲಿ ನಾನೇ ಅಯ್ಯನವರನ್ನು ಕರೆದುಕೊಂಡು ಹೋದೆ. ಒಳಗೆ ಉಳಿದಿದ್ದ ಬೇರು ತೆಗೆಯುವುದು, ಗಾಯ ಮಾಯುವುದು, ಅಳತೆ, ಮೇಣದ ಅಚ್ಚು ಅಂತ ಆರು ಸಲ ಹೋದೆವು. ಕವಳಿ ಕೂಡಿಸಿದ ದಿನ ಡಾಕ್ಟರು ಕನ್ನಡಿ ಕೊಟ್ಟರು. ಅಯ್ಯನವರು ಬಹಳ ಹೊತ್ತು ನೋಡಿ, "ಇಂವಾ ಯಾರು" ಅಂದರು. ಡಾಕ್ಟರು ನಕ್ಕರು. ಅಯ್ಯನವರು ನಗಲಿಲ್ಲ.

ಹೊರಡುವಾಗ ಡಾಕ್ಟರು ಕವಳಿ ಹೇಗೆ ನೋಡಿಕೊಳ್ಳಬೇಕೆಂದು ಮರಾಠಿಯಲ್ಲಿ ಅಚ್ಚಾದ ಒಂದು ಹಾಳೆ ಕೊಟ್ಟರು. ಅಯ್ಯನವರ ಓದುವ ಚಾಳೀಸು ಮನೆಯಲ್ಲಿತ್ತು. ಬಸ್ಸಿನಲ್ಲಿ ನಾನು ಓದಿ ಹೇಳಿದೆ. ರಾತ್ರಿ ತೆಗೆದು ನೀರಿನಲ್ಲಿಡಬೇಕು. ಮೆತ್ತನೆಯ ಬ್ರಶ್ಶಿನಿಂದ ಉಜ್ಜಬೇಕು. ತೊಳೆಯುವಾಗ ಕೆಳಗೆ ಬಟ್ಟೆ ಹಾಸಿರಬೇಕು, ಕೈಜಾರಿದರೆ ಒಡೆಯುತ್ತದೆ. ಎರಡೂ ಬದಿಯಿಂದ ಅಗಿಯಬೇಕು. ದಿನವೂ ಗಟ್ಟಿಯಾಗಿ ಓದಬೇಕು. ಅಷ್ಟರಲ್ಲಿ ಯಾರೋ ಪರಿಚಯದವರು ಬಂದು ತಂದೆಯ ಆರೋಗ್ಯ ಕೇಳಿದರು. ಹಾಳೆ ಮಡಚಿ ಚೀಲದಲ್ಲಿಟ್ಟೆ. ಕೊನೆಯ ಸಾಲು ಉಳಿಯಿತು. ನಾನು ಅದನ್ನು ಕಣ್ಣಿನಿಂದ ಓದಿದ್ದೆ. ಬಾಯಿಬಿಟ್ಟು ಹೇಳಲಿಲ್ಲ.

ಮೊದಲ ವಾರ ಅವರಿಗೆ ಬಾಯಿತುಂಬ ಜೊಲ್ಲು ಬರುತ್ತಿತ್ತು, ಓಕರಿಕೆ ಬರುತ್ತಿತ್ತು. ಬಾಯಿಯೊಳಗೆ ಯಾರದೋ ಚಪ್ಪಲಿ ಇಟ್ಟ ಹಾಗಿದೆ ಅನ್ನುತ್ತಿದ್ದರು. ವಸಡು ಹುಣ್ಣಾಯಿತು. ಇನ್ನೊಮ್ಮೆ ಉಮರಗಾಕ್ಕೆ ಹೋಗಿ ಕವಳಿಯನ್ನು ಒಂದು ಕಡೆ ಉಜ್ಜಿಸಿ ಸವೆಸಿಕೊಂಡು ಬಂದೆವು. ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ, ಕಾಳಿನಷ್ಟು ಚೂರು ಮಾಡಿ, ಎರಡೂ ದವಡೆಗೆ ಹಂಚಿ ತಿನ್ನುತ್ತಿದ್ದರು. ಊಟಕ್ಕೆ ಒಂದು ತಾಸು ಬೇಕಾಗುತ್ತಿತ್ತು.

ಸಂಜೆ ನಮ್ಮ ಮನೆಗೆ ಬಂದು ಮರಾಠಿ ಪೇಪರನ್ನು ತಂದೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅದಕ್ಕೂ ಮೊದಲು ಶಿರೂರ ಅನಂತಪಾಳ ಅಂತ ಹತ್ತಿರದ ಊರಿನ ಹೆಸರನ್ನು ಒಮ್ಮೆ ಅನ್ನುತ್ತಿದ್ದರು. ಶಕಾರ ಬಂದರೆ ಎಲ್ಲ ಬಂದಂತೆ ಅಂತ ಅವರ ಲೆಕ್ಕ. ಆ ಊರಿನ ಹೆಸರು ಬರೀ ಸಿಳ್ಳೆಯಾಗಿ ಹೊರಬೀಳುತ್ತಿತ್ತು.

"ಅಯ್ನೋರ, ಪೇಪರ್ ಓದ್ಲತ್ತೀರೋ, ಕುರಿ ಕರಿಲತ್ತೀರೋ?" ಅಂತ ತಂದೆ ಕೇಳಿದರು.

"ಕುರಿ ಮುಂದೇ ಮಲಗ್ಯಾದ. ಕರಿಯೂದ್ಯಾಕ."

ಲಕ್ವಾ ಹೊಡೆದ ಮೇಲೆ ತಂದೆ ನಕ್ಕದ್ದನ್ನು ನಾನು ನೋಡಿದ್ದು ಆ ದಿನವೇ.

ಎರಡನೆಯ ತಿಂಗಳಿನಲ್ಲಿ ಒಂದು ಸಂಜೆ ಆ ಊರಿನ ಹೆಸರು ಸ್ವಚ್ಛವಾಗಿ ಬಂತು. ಅಯ್ಯನವರು ತಡೆದು ಇನ್ನೊಮ್ಮೆ ಅಂದರು. ಮತ್ತೂ ಬಂತು. ತಂದೆ ಬಲಗೈಯಿಂದ ಮಂಚದ ಕಟ್ಟಿಗೆಯನ್ನು ಮೂರು ಸಲ ತಟ್ಟಿದರು.

ಆಮೇಲೆ ಮೂರು ವಾರಕ್ಕೆ ಅಯ್ಯನವರು ಪೇಪರ್ ಓದುವುದನ್ನು ಬಿಟ್ಟರು. ಕಣ್ಣು ನೋಯುತ್ತದೆ ಅಂದರು. ಬಂದು ಸುಮ್ಮನೆ ಕೂಡುತ್ತಿದ್ದರು. ಮಾತಾಡಬೇಕಾದಾಗ ನಾಲಿಗೆಯಿಂದ ಮೇಲಿನ ಕವಳಿಯನ್ನು ಒತ್ತಿ ಹಿಡಿದು ಮಾತಾಡುತ್ತಿದ್ದರು. ನಾನು ಅವರ ಹೆಂಡತಿಯನ್ನು ಕೇಳಿದೆ. ನಾವು ಅವರನ್ನು ಅಮ್ಮನವರು ಅನ್ನುತ್ತಿದ್ದೆವು. ಅವರು ಹೆಮ್ಮೆಯಿಂದಲೇ ಹೇಳಿದರು: "ಅಕ್ಷರ ಬಂದಾಗಿಂದ ದಿನಾ ಮುಂಜಾನಿ ಪೂಜಿಕ್ಕಿಂತ ಮೊದಲ ಅದನ್ನ ಕುದಿಯೂ ನೀರಾಗ ಅದ್ದಿ ತೆಗಿತಾರವಾ. ರಾತ್ರೆಲ್ಲ ಬಟ್ಟಲದಾಗ ಬಿದ್ದದ್ದು, ಊಟ ಮಾಡಿದ್ದು. ಹಂಗೇ ಇಟ್ಕೊಂಡು ಮಂತ್ರ ಹ್ಯಾಂಗ ಅನಬೇಕು?"

ಹಾಳೆಯ ಕೊನೆಯ ಸಾಲು ಅದೇ ಆಗಿತ್ತು. ಬಿಸಿನೀರು ತಾಗಿಸಬಾರದು, ಕವಳಿ ಸೊಟ್ಟಗಾಗುತ್ತದೆ.

ಉಮರಗಾದ ಡಾಕ್ಟರು ಕವಳಿಯನ್ನು ಬೆಳಕಿಗೆ ಹಿಡಿದು ನೋಡಿದರು. ಮಣಿದುಬಿಟ್ಟಿದೆ, ಇನ್ನು ಸರಿ ಮಾಡಲು ಬರುವುದಿಲ್ಲ, ಹೊಸ ಅಳತೆ ತೆಗೆದುಕೊಳ್ಳಬೇಕು, ಒಂದು ತಿಂಗಳು ಬೇಕು ಅಂದರು. ನಮ್ಮ ಕೈಯಲ್ಲಿ ಒಂದು ತಿಂಗಳು ಇರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ತಂದೆಯ ಉಸಿರು ಬದಲಾಯಿತು. ನಾನು ಓಡಿಹೋಗಿ ಅಯ್ಯನವರನ್ನು ಕರೆದೆ. ಅವರ ಪೂಜೆ ಆಗಿತ್ತು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಸೊಟ್ಟ ಕವಳಿಯನ್ನೇ ಹಾಕಿಕೊಂಡು ಬಂದರು. ತಂದೆಯ ತಲೆಯ ಮೇಲೆ ಕೈ ಇಟ್ಟು, ಬಲಗಿವಿಗೆ ಬಗ್ಗಿ, ಓಂ ಅಂದರು. ಮೇಲಿನ ಕವಳಿ ಕಳಚಿ ಕೆಳಗಿನದರ ಮೇಲೆ ಬಿತ್ತು. ಆ ಸದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಅವರು ಅದನ್ನು ನಾಲಿಗೆಯಿಂದ ಮೇಲೆತ್ತಿ ಮತ್ತೆ ಹೇಳಿದರು. ಮತ್ತೆ ಬಿತ್ತು. ಆಗ ಎರಡನ್ನೂ ತೆಗೆದು ನನ್ನ ಅಂಗೈಯಲ್ಲಿಟ್ಟರು. ಒದ್ದೆಯಾಗಿದ್ದವು, ಬೆಚ್ಚಗಿದ್ದವು. ಬರಿಬಾಯಿಯಿಂದ ಹೇಳಲು ನೋಡಿದರು. ಬಂದದ್ದು ಉಸಿರು ಮಾತ್ರ. ತಂದೆಯ ಕಣ್ಣು ಅವರ ಮುಖದ ಮೇಲೇ ಇತ್ತು.

ಅಯ್ಯನವರು ನನ್ನ ಕಡೆ ತಿರುಗಿದರು. ಅವರ ಮಾತು ತಿಳಿಯಲು ನಾನು ತೀರ ಹತ್ತಿರ ಹೋಗಬೇಕಾಯಿತು.

"ನೀ ಅನ್ನು, ಮಗಳ. ನಾ ಕೈ ಇಟ್ಟಿರ್ತೀನಿ."

ನಾನು ಬಗ್ಗಿ ಹೇಳಿದೆ. ಅವರು ತಂದೆಯ ಹಣೆಯ ಮೇಲೆ ಬೆರಳಿನಿಂದ ಒಂದು, ಎರಡು, ಮೂರು ಎಣಿಸಿದರು. ಕವಳಿ ನನ್ನ ಮುಷ್ಟಿಯಲ್ಲೇ ಇತ್ತು. ಅರ್ಧ ಗಂಟೆಯಲ್ಲಿ ತಂದೆ ಹೋದರು. ಅವರಿಗೆ ಏನು ಕೇಳಿಸಿತೋ ನನಗೆ ಗೊತ್ತಿಲ್ಲ. ಅಯ್ಯನವರು ಗೋಡೆಗೆ ಆನಿ ಶಲ್ಯದಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ಗೆಳೆಯನಿಗಾಗಿ ಅಳುತ್ತಿದ್ದಾರೆ ಅಂತ ಬಂದವರು ಅಂದುಕೊಂಡರು. ಅಳುವೂ ಇದ್ದಿರಬಹುದು.

ದಿನಕರ್ಮಗಳು ಮುಗಿದ ಮೇಲೆ ಕವಳಿಯನ್ನು ತಣ್ಣೀರಿನಲ್ಲಿ ತೊಳೆದು ಅವರಿಗೆ ಕೊಡಲು ಹೋದೆ. ಹಾಳೆಯ ವಿಷಯ ಹೇಳಿದೆ. ಕೊನೆಯ ಸಾಲು ನಾನು ಓದಲಿಲ್ಲ, ತಪ್ಪು ನನ್ನದು ಅಂದೆ.

"ನೀ ಓದಿದ್ರೂ ನಾ ಬಿಸಿನೀರು ಬಿಡ್ತಿದ್ದಿಲ್ಲ."

ಅದು ಖರೆಯೋ, ನನ್ನನ್ನು ಉಳಿಸಲು ಹೇಳಿದ್ದೋ, ಇಷ್ಟು ದಿನ ಯೋಚಿಸಿಯೂ ನನಗೆ ತಿಳಿದಿಲ್ಲ. ಹೊಸ ಅಳತೆಗೆ ಅವರು ಬರಲಿಲ್ಲ. ಎರಡು ಸಲ ಕರೆದೆ. ಇನ್ನು ಯಾರ ಕಿವಿಗೆ ಅಂತ ಕೇಳಿದರು. ಅಲ್ಲಿಂದ ಮುಂದೆ ಯಾರ ಮನೆಗೂ ಕಾರ್ಯಕ್ಕೆ ಹೋಗಲಿಲ್ಲ.

ಈ ವರ್ಷ ಉದಗೀರಿನ ಮಗಳ ಮನೆಗೆ ಹೋದವರಿಗೆ ಅಲ್ಲಿಯೇ ಉಸಿರಾಟ ಕಷ್ಟವಾಯಿತು. ಸುದ್ದಿ ತಿಳಿದು ನಾನು ಆಸ್ಪತ್ರೆ ಮುಟ್ಟಿದಾಗ ಅವರನ್ನು ಗಾಜಿನ ಬಾಗಿಲಿನ ಆಚೆ ಮಲಗಿಸಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಬಾಯಿಯ ಮೇಲೆ ಆಕ್ಸಿಜನ್ ಮಾಸ್ಕ್ ಇತ್ತು, ಕೆನ್ನೆ ಒಳಗೆ ಹೋಗಿತ್ತು. ಅಮ್ಮನವರು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಒಂದು ನಿಮಿಷ ಸಾಕು, ಕಿವಿಯಲ್ಲಿ ಒಂದು ಮಾತು ಹೇಳಬೇಕು ಅಂತ ನಾನು ನರ್ಸಮ್ಮನಿಗೆ ಮರಾಠಿಯಲ್ಲಿ ಹೇಳಿದೆ. ಆಕೆ ಕೆಟ್ಟವಳಲ್ಲ. ಕೇಳಿಕೊಂಡು ಬರುತ್ತೇನೆ ಅಂತ ಒಳಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಮುಗಿದಿತ್ತು.

ನಿಲಂಗಾಕ್ಕೆ ಬರುವ ಗಾಡಿಯಲ್ಲಿ ನಾನು ಅವರ ತಲೆಯ ಹತ್ತಿರ ಕೂತೆ. ಅಮ್ಮನವರು ಗಂಡನ ಹಣೆಯ ಮೇಲೆ ಕೈ ಇಟ್ಟು, "ನೀ ಅನ್ನವಾ, ಮಾಸ್ತರಗ ಅಂದಂಗ" ಅಂದರು. ನಾನು ಬಗ್ಗಿದೆ. ನನ್ನ ಹಲ್ಲು ಒಂದೂ ಬಿದ್ದಿಲ್ಲ. ಆದರೂ ಮೂರು ಸಲವೂ ಅಕ್ಷರ ಒಡೆದವು. ನಾಲ್ಕನೆಯ ಸಲ ಹೇಳಲು ಮತ್ತೆ ಬಗ್ಗಿದಾಗ ಅಮ್ಮನವರು ನನ್ನ ಬೆನ್ನು ಮುಟ್ಟಿ, ಸಾಕು ಅಂದರು.